ನಮ್ಮ ಸದ್ದು ನಿಮ್ಮ ತಲೆ ಮೇಲೆ ಬೇಡ: ಹೀಥ್ರೂ ಸುತ್ತಲ ಊರುಗಳ ಜೊತೆ ಕೂತು ಬರೆದ ಪತ್ರಗಳು

ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋದಲ್ಲಿ, ನಮ್ಮ ಬೀದಿಯವರಿಗೆಲ್ಲ ಮಧ್ಯಾಹ್ನ ಮೂರು ಗಂಟೆ ಬಹಳ ಮುಖ್ಯ. ಪಶ್ಚಿಮದ ಗಾಳಿ ಬೀಸುವಾಗ, ಅಂದರೆ ವರ್ಷದ ಸುಮಾರು ಶೇ. 70ರಷ್ಟು ಕಾಲ, ಹೀಥ್ರೂಗೆ ಇಳಿಯುವ ವಿಮಾನಗಳು ಗಾಳಿಗೆ ಎದುರಾಗಿ ಪೂರ್ವದಿಂದ, ಲಂಡನ್ ಊರಿನ ಮೇಲಿಂದಲೇ ಬರುತ್ತವೆ. ಇರುವುದು ಎರಡು ರನ್‌ವೇ. ಒಂದರಲ್ಲಿ ಇಳಿಯುತ್ತವೆ, ಇನ್ನೊಂದರಿಂದ ಏರುತ್ತವೆ. ಮೂರು ಗಂಟೆಗೆ ಅದಲುಬದಲು. ಬೆಳಿಗ್ಗೆಯಿಂದ ಒಂದೂವರೆ ನಿಮಿಷಕ್ಕೊಂದರಂತೆ ನಮ್ಮ ಹೆಂಚಿನ ಮೇಲೆ ಬರುತ್ತಿದ್ದವು ಇದ್ದಕ್ಕಿದ್ದಂತೆ ಉತ್ತರಕ್ಕೆ ಸರಿದುಬಿಡುತ್ತವೆ. ಮುಂದಿನ ವಾರ ಸರದಿ ತಿರುಗುತ್ತದೆ. ಯಾವ ವಾರ ಯಾರಿಗೆ ಬಿಡುವು ಅಂತ ಇಡೀ ವರ್ಷದ ಟೈಂಟೇಬಲ್ಲೇ ಇದೆ. ನಮ್ಮಲ್ಲಿ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡವರು ಬೇಕಾದಷ್ಟು ಜನ.

ನಾವು ಮನೆ ನೋಡೋಕೆ ಹೋದ ದಿನ ಆಕಾಶ ತಣ್ಣಗಿತ್ತು. ಬಿಡುವಿನ ಹೊತ್ತು. ಮನೆ ತೋರಿಸಿದವರು ಆ ವಿಷಯ ಎತ್ತಲಿಲ್ಲ. ಹೌನ್ಸ್ಲೋದಲ್ಲಿ ಯಾರನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ, ಹಾಗಾಗಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಬೆಲೆ ಕಮ್ಮಿ, ಪಿಕಾಡಿಲಿ ಲೈನ್ ಮೆಟ್ರೋ ಹತ್ತಿರ, ಹಿಂದೆ ಸಣ್ಣ ತೋಟ. ಮೈಸೂರಿಂದ ಬಂದ ಅಮ್ಮ ಮೊದಲ ದಿನ ಹಿತ್ತಿಲಲ್ಲಿ ಬಟ್ಟೆ ಹರವುತ್ತಾ ತಲೆಯೆತ್ತಿ, "ಚಕ್ರ ಎಣಿಸಬಹುದಲ್ಲೋ" ಅಂದರು. ಒಂದು ವಾರ ಮಜಾ ಅನ್ನಿಸಿತು. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಕೇಳಿದರು: "ನಾನು ಬೆಂಗಳೂರಿಂದ ಬಂದ ವಿಮಾನಾನೂ ಹೀಗೇ ಯಾರದೋ ಮನೆ ಮೇಲೆ ಹಾರಿಕೊಂಡು ಬಂತಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ವರ್ಷಕ್ಕೊಂದು ಸಲ ನಾವೂ ಅದೇ ವಿಮಾನ ಹತ್ತುತ್ತೇವೆ. ಮುಂದೆ ಎಷ್ಟೋ ಸಭೆಗಳಲ್ಲಿ ಜನ ಇದನ್ನೇ ಎತ್ತಿ ಆಡಿದ್ದಾರೆ. ತಪ್ಪಲ್ಲ, ಆಡಲಿ.

ಈ ಪತ್ರ ಬರೆಯುವ ಕೆಲಸಕ್ಕೆ ನನ್ನನ್ನು ಎಳೆದದ್ದು ಪಕ್ಕದ ಮನೆಯ ಪಂಜಾಬಿ ಆಂಟೀಜಿ. ಬೆಳಗಿನ ಜಾವ ಎದ್ದು ಪ್ರಾರ್ಥನೆ ಮಾಡುವವರು. ಅವರ ಅಡುಗೆಮನೆ ಕಿಟಕಿಯಲ್ಲಿ ಶಾಲೆ ಮಕ್ಕಳ ರೂಲ್ಡ್ ನೋಟ್‌ಬುಕ್ ಒಂದು ಇರುತ್ತಿತ್ತು. ಎಡಗಡೆ ಸಮಯ, ಬಲಗಡೆ ಪಂಜಾಬಿಯ ಗುರುಮುಖಿ ಲಿಪಿಯಲ್ಲಿ ಒಂದೆರಡು ಅಕ್ಷರ. ನಾಲ್ಕೂವರೆ ದಾಟುತ್ತಿದ್ದಂತೆ ಮೊದಲನೆಯದು, ಹತ್ತು ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಸಾಲುಸಾಲು. ಹಾಂಗ್‌ಕಾಂಗ್, ಸಿಂಗಾಪುರ ಕಡೆಯ ವಿಮಾನಗಳು ಹೆಚ್ಚಾಗಿ ಆ ಹೊತ್ತಿಗೆ ಬರುತ್ತವೆ. ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಆರರವರೆಗೆ ಹೀಥ್ರೂನಲ್ಲಿ ವರ್ಷಕ್ಕೆ 5,800 ವಿಮಾನಗಳಿಗೆ ಮಾತ್ರ ಅವಕಾಶ. ಲೆಕ್ಕ ಹಾಕಿದರೆ ದಿನಕ್ಕೆ ಹದಿನಾರು ಬಿದ್ದಿತು. ಅದರಲ್ಲಿ ಹೆಚ್ಚಿನವು ನಾಲ್ಕೂವರೆ ಆರರ ನಡುವೆ ತುರುಕಿಕೊಳ್ಳುತ್ತವೆ. "ಬೇಟಾ, ನೀನು ಕಂಪ್ಯೂಟರ್ ಕೆಲಸದವನಲ್ವಾ, ಇದನ್ನು ಟೈಪ್ ಮಾಡಿಕೊಡು" ಅಂದರು. ಮಾಡಿಕೊಟ್ಟೆ. ಹಾಳೆ ಹಿಡಿದುಕೊಂಡು ಅವರ ಜೊತೆ ನಿವಾಸಿಗಳ ಸಭೆಗೂ ಹೋದೆ.

ಆ ಸಭೆಯಲ್ಲಿ ತಲೆಗೆ ಹೋದ ಮೊದಲ ವಿಷಯ, ಸದ್ದು ಜಾಸ್ತಿ ಅಂತ ದೂರುವುದರಿಂದ ಏನೂ ಆಗದು ಅನ್ನೋದು. ಸರ್ಕಾರ ಸದ್ದನ್ನು ಅಳೆಯುವುದು ಸರಾಸರಿಯಲ್ಲಿ. ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ, ಹದಿನಾರು ಗಂಟೆಯ ಸದ್ದನ್ನೆಲ್ಲ ಕೂಡಿಸಿ ಹರವುತ್ತಾರೆ. ತಲೆ ಮೇಲೆ ಬಿದ್ದ ತೆಂಗಿನಕಾಯಿಯ ಭಾರವನ್ನು ವರ್ಷದ ದಿನಗಳಿಗೆ ಹಂಚಿದ ಹಾಗೆ. ಬಹಳ ವರ್ಷ 57 ಡೆಸಿಬೆಲ್ ಸರಾಸರಿ ದಾಟಿದರೆ ಮಾತ್ರ ಜನಕ್ಕೆ ಗಣನೀಯ ಕಿರಿಕಿರಿ ಶುರು ಅಂತ ನಂಬಿದ್ದರು. 2014ರ ಸಮೀಕ್ಷೆ ಆದಮೇಲೆ ಆ ಗೆರೆಯನ್ನು 54ಕ್ಕೆ ಇಳಿಸಿದರು. ಮೂರೇ ಡೆಸಿಬೆಲ್ ಅನ್ನಿಸಬಹುದು. ಆದರೆ ನಕ್ಷೆಯಲ್ಲಿ ಆ ಗೆರೆ ಹೊರಕ್ಕೆ ಸರಿದಾಗ ಎಷ್ಟೋ ಊರುಗಳು ಒಳಗೆ ಬಂದವು. ಅಲ್ಲಿಯವರೆಗೆ ಅವರೆಲ್ಲ ಲೆಕ್ಕದ ಪ್ರಕಾರ ಆರಾಮಾಗಿ ಮಲಗಿದ್ದವರು!

ಮಕ್ಕಳ ವಿಷಯ ಬೇರೆ. ಹೀಥ್ರೂ, ಆಮ್‌ಸ್ಟರ್‌ಡಾಮ್, ಮ್ಯಾಡ್ರಿಡ್ ವಿಮಾನ ನಿಲ್ದಾಣಗಳ ಸುತ್ತಲ ಶಾಲೆಗಳ ಒಂಬತ್ತು ಹತ್ತು ವರ್ಷದ 2,800ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವಿಮಾನದ ಸದ್ದು ಹೆಚ್ಚಿದಷ್ಟೂ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಹಿಂದೆ ಬೀಳುತ್ತದೆ ಅಂತ ಅದು ಹೇಳಿತು. ನಮ್ಮ ಕಡೆಯ ಒಂದು ಶಿಶುಶಾಲೆಯ ಅಂಗಳದಲ್ಲಿ ಮಣ್ಣುಚೀಲ ಪೇರಿಸಿ ಕಟ್ಟಿದ ಗುಮ್ಮಟಗಳಿವೆ. ಹೊರಗೆ ಆಡುವಾಗಲೂ ಟೀಚರ್ ಮಾತು ಮಕ್ಕಳ ಕಿವಿಗೆ ಬೀಳಲಿ ಅಂತ. ಭೂಕಂಪದ ಊರುಗಳಿಗೆ ಹೊಂದುವ ರೀತಿಯ ಮನೆಗಳವು. ಭೂಕಂಪ ಇಲ್ಲದ ಊರಲ್ಲಿ ಅವನ್ನು ನೋಡಿದಾಗ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ನಾನು ಸೇರಿಕೊಂಡ ಕಾಲಕ್ಕೆ ಎಲ್ಲರ ಬಾಯಲ್ಲೂ ಮೂರನೇ ರನ್‌ವೇ. ಇದು ಹಳೇ ಗಾಯ. 2009ರ ಜನವರಿಯಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ಅದೇ ತಿಂಗಳು ಪರಿಸರ ಸಂಘಟನೆಯಾದ ಗ್ರೀನ್‌ಪೀಸ್‌ನವರು ಸಿಪ್ಸನ್ ಹಳ್ಳಿಯಲ್ಲಿ, ರನ್‌ವೇ ಬರುವ ಜಾಗದಲ್ಲೇ, ಒಂದು ತುಂಡು ಹೊಲ ಕೊಂಡು ಸಾವಿರಾರು ಜನರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. 2010ರ ಮಾರ್ಚಿನಲ್ಲಿ ಸುತ್ತಲ ಕೌನ್ಸಿಲ್‌ಗಳು ಸೇರಿ ಹೂಡಿದ ಮೊಕದ್ದಮೆಯಲ್ಲಿ ಹೈಕೋರ್ಟು, ನಿಮ್ಮ ನೀತಿಯನ್ನು ಮತ್ತೆ ನೋಡಿ ಅಂತ ಸರ್ಕಾರಕ್ಕೆ ಹೇಳಿತು. ಮೇನಲ್ಲಿ ಸರ್ಕಾರ ಬದಲಾಯಿತು, ಯೋಜನೆ ಬಿತ್ತು. ಅಲ್ಲಿಗೆ ಮುಗಿಯಲಿಲ್ಲ. ಒಂದು ಆಯೋಗ ಕೂತಿತು, 2015ರಲ್ಲಿ ಮತ್ತೆ ಹೀಥ್ರೂನ ವಾಯವ್ಯಕ್ಕೇ ಬೆರಳು ತೋರಿಸಿತು.

ಮೂರನೇ ರನ್‌ವೇ ಬೇಡ ಅನ್ನುವ ವಿಷಯದಲ್ಲಿ ಎಲ್ಲ ಊರೂ ಒಂದೇ. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಜಗಳ. ನನಗೆ ಇದು ಗೊತ್ತಾದದ್ದು ಕ್ರ್ಯಾನ್‌ಫರ್ಡ್ ವಿಷಯ ಬಂದಾಗ.

ಉತ್ತರದ ರನ್‌ವೇಯ ಪೂರ್ವದ ತುದಿಗೆ ಹತ್ತಿಕೊಂಡಂತೆ ಕ್ರ್ಯಾನ್‌ಫರ್ಡ್ ಇದೆ. 1952ರಲ್ಲಿ ಸರ್ಕಾರ ಅಲ್ಲಿನವರಿಗೆ ಒಂದು ಮಾತು ಕೊಟ್ಟಿತು. ಪೂರ್ವದ ಗಾಳಿ ಬೀಸುವಾಗ ಉತ್ತರದ ರನ್‌ವೇಯಿಂದ ನಿಮ್ಮ ಮೇಲೆ ವಿಮಾನ ಏರಿಸುವುದಿಲ್ಲ ಅಂತ. ಕಾನೂನಲ್ಲ, ಬರೀ ಮಾತು. ಆದರೂ ಅರ್ಧ ಶತಮಾನ ದಾಟಿ ನಡೆಯಿತು. ಅದರ ಫಲ ಏನು? ಪೂರ್ವದ ಗಾಳಿಯ ದಿನಗಳಲ್ಲಿ ಏರುವುದೆಲ್ಲ ದಕ್ಷಿಣದ ರನ್‌ವೇಯಿಂದ, ಅಂದರೆ ನಮ್ಮ ಕಡೆಗೆ. ಇಳಿಯುವುದೆಲ್ಲ ಉತ್ತರದ ರನ್‌ವೇಗೆ, ಅಂದರೆ ಆ ತುದಿಯಲ್ಲಿರುವ ವಿಂಡ್ಸರ್, ಡ್ಯಾಚೆಟ್ ಊರುಗಳ ಮೇಲಿಂದ. ಆ ದಿನಗಳಲ್ಲಿ ಮೂರು ಗಂಟೆಯ ಸರದಿ ಇಲ್ಲ, ಬಿಡುವಿಲ್ಲ. 2009ರಲ್ಲಿ ಸರ್ಕಾರ ಈ ಒಪ್ಪಂದ ಮುಗಿಯಿತು ಅಂತ ಸಾರಿತು. ಆದರೆ ಅದಕ್ಕೆ ಬೇಕಾದ ಟ್ಯಾಕ್ಸಿವೇ, ಅಂದರೆ ವಿಮಾನ ರನ್‌ವೇಗೆ ಹೋಗುವ ದಾರಿಯ ಕೆಲಸ ಆಗದೆ ಹಳೇ ರೂಢಿಯೇ ಮುಂದುವರಿಯಿತು. 2017ರಲ್ಲಿ ಮೇಲ್ಮನವಿಯಲ್ಲಿ ಆ ಕೆಲಸಕ್ಕೆ ಅನುಮತಿ ಸಿಕ್ಕಿದಾಗ ನಮ್ಮ ಬೀದಿಯಲ್ಲಿ ಒಂದಿಬ್ಬರು ಖುಷಿಪಟ್ಟರು. ನಾನೂ ಒಳಗೊಳಗೇ ಖುಷಿಪಟ್ಟೆ ಅನ್ನಿ.

ಅದಾದ ಸ್ವಲ್ಪ ದಿನಕ್ಕೆ ಜಂಟಿ ಸಭೆ. ವಿಂಡ್ಸರ್ ಕಡೆಯವರು, ರಿಚ್ಮಂಡ್ ಕಡೆಯವರು, ಹಾರ್ಮಂಡ್ಸ್‌ವರ್ತ್ ಹಳ್ಳಿಯವರು, ನಾವು, ಕ್ರ್ಯಾನ್‌ಫರ್ಡ್‌ನಿಂದ ನಾಲ್ಕು ಜನ. ಚರ್ಚಿನ ಹಾಲು. ಹೀಟರ್ ಇತ್ತು, ಆದರೆ ಅದರ ಸದ್ದಿಗೆ ಮಾತು ಕೇಳಿಸುತ್ತಿಲ್ಲ ಅಂತ ಯಾರೋ ಆರಿಸಿದರು, ಎಲ್ಲರೂ ಕೋಟು ಹಾಕಿಕೊಂಡೇ ಕೂತೆವು. ವಿಂಡ್ಸರ್‌ನ ಒಬ್ಬ ಹೆಂಗಸು ಲ್ಯಾಪ್‌ಟಾಪ್ ತೆರೆದು, ತಮ್ಮ ಊರಿಗೆ ಪೂರ್ವದ ಗಾಳಿಯ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಉಸಿರಾಡಲು ಬಿಡುವಿಲ್ಲ, ಈ ಅನ್ಯಾಯ ಸರಿಯಾಗಬೇಕು ಅಂತ ಪತ್ರದಲ್ಲಿ ಸೇರಿಸೋಣ ಅಂದರು. ನ್ಯಾಯವಾದ ಮಾತೇ. ಕ್ರ್ಯಾನ್‌ಫರ್ಡ್‌ನ ಹಿರಿಯರೊಬ್ಬರು ಎದ್ದರು. "ಅಮ್ಮಾ, ನಿಮ್ಮ ಮೇಲೆ ಬರೋದು ಇಳಿಯುವ ವಿಮಾನ. ನಮ್ಮ ಮೇಲೆ ಬರೋದು ಪೂರ್ತಿ ಶಕ್ತಿ ಹಾಕಿ ಏರುವ ವಿಮಾನ. ಅದೂ ಇಷ್ಟು ಹತ್ತಿರದಿಂದ" ಅಂತ ಎರಡು ಕೈ ಅಗಲಿಸಿ ತೋರಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ಇದರಲ್ಲಿ ನಿಮಗೂ ಲಾಭ ಇದೆ, ಅಲ್ವಾ?" ಅಂದರು. ಆಂಟೀಜಿ ನನ್ನ ಮುಖ ನೋಡಿದರು. ಇದೆ ಅಂತ ಹೇಳಿದೆ. ಇಲ್ಲ ಅನ್ನೋಕೆ ಎದುರಿಗೇ ನಕ್ಷೆ ಹರಡಿತ್ತಲ್ಲ.

ಎರಡು ಗಂಟೆ ವಾದ ನಡೆಯಿತು. ಯಾರೂ ಕೂಗಾಡಲಿಲ್ಲ, ಇಂಗ್ಲಿಷರ ಜಗಳ ನೋಡಿ, ಪ್ರತಿ ಏಟಿನ ಮೊದಲೂ ಒಂದು ಕ್ಷಮಿಸಿ. ಕೊನೆಗೆ ಹಾರ್ಮಂಡ್ಸ್‌ವರ್ತ್‌ನ ಒಬ್ಬಾತ ಬಾಯಿಬಿಟ್ಟ. "ನಿಮಗೆ ಸದ್ದು ಎಲ್ಲಿ ಬೀಳಬೇಕು ಅನ್ನೋ ಚಿಂತೆ. ನನಗೆ ಮನೆಯೇ ಇರಲ್ಲ." ಅಲ್ಲಿಗೆ ಹಾಲ್ ತಣ್ಣಗಾಯಿತು. ಯೋಜನೆಯ ಪ್ರಕಾರ ಲಾಂಗ್‌ಫರ್ಡ್ ಹಳ್ಳಿ ಪೂರ್ತಿ ಹೋಗುತ್ತದೆ, ಹಾರ್ಮಂಡ್ಸ್‌ವರ್ತ್‌ನ ದೊಡ್ಡ ಪಾಲು ಹೋಗುತ್ತದೆ. ಉರುಳುವ ಮನೆಗಳು ಆಗಿನ ಲೆಕ್ಕಕ್ಕೆ 783.

ನಮ್ಮ ನಿಯಮ ಹುಟ್ಟಿದ್ದು ಅವತ್ತೇ. ಜಂಟಿ ಪತ್ರದಲ್ಲಿ ಯಾವ ಊರೂ ಸದ್ದನ್ನು ಇನ್ನೊಂದು ಊರಿನ ಮೇಲೆ ಸರಿಸಿ ಅಂತ ಕೇಳಬಾರದು. ಒಟ್ಟು ಸದ್ದು ಕಡಿಮೆಯಾಗುವುದನ್ನು ಮಾತ್ರ ಕೇಳಬೇಕು. ಮೂರನೇ ರನ್‌ವೇ ಬೇಡ, ಐದನೇ ಟರ್ಮಿನಲ್‌ಗೆ ಅನುಮತಿ ಕೊಡುವಾಗ ಹಾಕಿದ ವರ್ಷಕ್ಕೆ 4 ಲಕ್ಷ 80 ಸಾವಿರ ಹಾರಾಟಗಳ ಮಿತಿ ಹಾಗೇ ಇರಲಿ, ರಾತ್ರಿ ಹಾರಾಟ ನಿಲ್ಲಲಿ. ಕ್ರ್ಯಾನ್‌ಫರ್ಡ್ ಒಪ್ಪಂದದ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಬೇಕಾದವರು ತಮ್ಮ ಹೆಸರಲ್ಲಿ ಬೇರೆ ಬರೆದುಕೊಳ್ಳಲಿ. ಜಾಣತನವೋ ಹೇಡಿತನವೋ, ಇದರ ಬಗ್ಗೆ ನನಗೆ ಇವತ್ತಿಗೂ ಎರಡು ಮನಸ್ಸಿದೆ. ವಿಂಡ್ಸರ್‌ನವರ ದೂರು ನಿಜ, ನಾವು ಅದನ್ನು ಪಕ್ಕಕ್ಕಿಟ್ಟೆವು. ಆದರೆ ಆ ಸಾಲು ಸೇರಿಸಿದ್ದರೆ ಮುಂದಿನ ಸಭೆಗೆ ಕ್ರ್ಯಾನ್‌ಫರ್ಡ್‌ನ ಕುರ್ಚಿಗಳು ಖಾಲಿ ಇರುತ್ತಿದ್ದವು.

ಹಾರ್ಮಂಡ್ಸ್‌ವರ್ತ್‌ಗೆ ಆಮೇಲೆ ಹೋಗಿದ್ದೆ. 1426ರಲ್ಲಿ ಕಟ್ಟಿದ ದೊಡ್ಡ ಧಾನ್ಯದ ಕಣಜ ಅಲ್ಲಿದೆ. ಬೇಸಿಗೆಯಲ್ಲಿ ಕೆಲವು ಭಾನುವಾರ ಮಾತ್ರ ತೆಗೆಯುತ್ತಾರೆ. ಒಳಗೆ ಕಾಲಿಟ್ಟರೆ ಓಕ್ ಮರದ ಕಂಬಗಳ ಸಾಲು, ಮೇಲೆ ಮರದ್ದೇ ಚಾವಣಿ. ಕವಿ ಜಾನ್ ಬೆಟ್ಜಮನ್ ಇದನ್ನು ಮಿಡಲ್‌ಸೆಕ್ಸ್‌ನ ಕ್ಯಾಥೆಡ್ರಲ್ ಅಂತ ಕರೆದಿದ್ದರು. ವಿಚಿತ್ರ ಏನಂದರೆ, ಆ ಹಳ್ಳಿಯಲ್ಲಿ ನಮ್ಮ ಬೀದಿಗಿಂತ ಸದ್ದು ಕಡಿಮೆ. ವಿಮಾನಗಳು ಪಕ್ಕದಲ್ಲಿ ಹೋಗುತ್ತವೆ, ತಲೆ ಮೇಲೆ ಹೋಗಲ್ಲ. ಉರುಳಬೇಕಾದ ಊರು ಶಾಂತವಾಗಿದೆ, ಉಳಿಯುವ ಊರಿಗೆ ನಿದ್ದೆಯಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕು. ಹೌನ್ಸ್ಲೋದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದೇ ಹೀಥ್ರೂ ಸಂಬಳದಿಂದ. ಆಂಟೀಜಿಯ ಯಜಮಾನರು ಅಲ್ಲೇ ಬ್ಯಾಗೇಜ್ ವಿಭಾಗದಲ್ಲಿದ್ದರು. ನಾನು ಕರಡು ಓದಿ ಹೇಳುತ್ತಿದ್ದರೆ ಅಂಕಲ್ ಸೋಫಾದಲ್ಲಿ ಕೂತು ಟಿವಿ ವಾಲ್ಯೂಮ್ ಏರಿಸುತ್ತಿದ್ದರು. ವಿಮಾನದ ಸದ್ದಿಗೋ, ನನ್ನ ಸದ್ದಿಗೋ ಹೇಳುವಂತಿರಲಿಲ್ಲ. ಒಂದು ಸಲ ಮಾತ್ರ, "ರನ್‌ವೇ ಆದರೆ ನಮ್ಮ ಹುಡುಗರಿಗೆ ಕೆಲಸ ಸಿಗುತ್ತೆ, ಅದನ್ನೂ ಬರಿ" ಅಂದರು. ಹಾಗಾಗಿ ನಮ್ಮ ಬೀದಿಯ ಕರಡಿನಲ್ಲಿ ವಿಮಾನ ನಿಲ್ದಾಣವನ್ನು ಬೈಯುವ ಸಾಲೇ ಇರಲಿಲ್ಲ. ದೊಡ್ಡದಾಗೋದು ಬೇಡ, ಇರೋದು ಚೆನ್ನಾಗಿರಲಿ, ಅಷ್ಟೇ. ರಿಚ್ಮಂಡ್ ಕಡೆಯವರಿಗೆ ಇದು ಸಪ್ಪೆ ಅನ್ನಿಸಿತು. ಅವರ ಕೆಲಸ ನಗರದ ಮಧ್ಯದ ಆಫೀಸುಗಳಲ್ಲಿ, ನಮ್ಮವರ ಕೆಲಸ ವಿಮಾನದ ಹೊಟ್ಟೆಯೊಳಗೆ.

2018ರ ಜೂನ್ 25ರಂದು ಸಂಸತ್ತು 415ಕ್ಕೆ 119 ಮತಗಳಿಂದ ಮೂರನೇ ರನ್‌ವೇ ನೀತಿಗೆ ಒಪ್ಪಿಗೆ ಕೊಟ್ಟಿತು. ನಮಗೆ ಹತ್ತಿರದ ಕ್ಷೇತ್ರವೊಂದರ ಸಂಸದ ಬೋರಿಸ್ ಜಾನ್ಸನ್, ಹಿಂದೆ ಬುಲ್‌ಡೋಜರ್ ಮುಂದೆ ಮಲಗುತ್ತೇನೆ ಅಂದಿದ್ದವರು, ಅವತ್ತು ವಿದೇಶಾಂಗ ಸಚಿವರಾಗಿ ಅಫ್ಘಾನಿಸ್ತಾನದಲ್ಲಿದ್ದರು. ಆ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಬಂದ ಜೋಕುಗಳನ್ನು ಇಲ್ಲಿ ಬರೆಯಲಾರೆ.

ಮುಂದಿನ ವರ್ಷ ನಿಜವಾದ ಕೆಲಸ ಬಂತು. 2019ರ ಆರಂಭದಲ್ಲಿ ವಾಯುಮಾರ್ಗಗಳ ಬಗ್ಗೆ ಒಂದು ಸಾರ್ವಜನಿಕ ಸಮಾಲೋಚನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ಯೋಜನೆಯ ಬಗ್ಗೆ ಇನ್ನೊಂದು. ಮೊದಲನೆಯದರಲ್ಲಿ ವಿಮಾನ ಹೋಗುವ ಗೆರೆಗಳೇ ಇರಲಿಲ್ಲ. ಅಗಲವಾದ ಪಟ್ಟಿಗಳಿಗೆ ಬಣ್ಣ ಹಚ್ಚಿದ್ದರು. ಇದರೊಳಗೆ ಎಲ್ಲೋ ಒಂದು ಕಡೆ ದಾರಿ ಬರಬಹುದು ಅಂತ ಅರ್ಥ. ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಮನೆ ಯಾವ ಪಟ್ಟಿಯಲ್ಲಿದೆ ಅಂತ ತೋರಿಸುತ್ತಿತ್ತು. ನಮಗೆ ಹೊಸ ನೆಂಟರು ಸಿಕ್ಕಿದ್ದು ಆಗಲೇ. ಬ್ರೆಂಟ್‌ಫರ್ಡ್, ಚಿಸ್ವಿಕ್, ಹೆಸ್ಟನ್ ಕಡೆಯವರು ಪೋಸ್ಟ್‌ಕೋಡ್ ಹಾಕಿ ನೋಡಿ ಗಾಬರಿಯಾಗಿ ಓಡಿಬಂದರು. ಅಲ್ಲಿಯವರೆಗೆ ನಮ್ಮ ಗೋಳು ಅವರಿಗೆ ದೂರದ ಸುದ್ದಿಯಾಗಿತ್ತು.

ಉತ್ತರ ಬರೆಯುವ ಕೆಲಸದಲ್ಲಿ ಹಳಬರು ಹೇಳಿಕೊಟ್ಟ ಒಂದು ಪಾಠ ಉಪಯೋಗಕ್ಕೆ ಬಂತು. ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸುವುದಕ್ಕಿಂತ ನೂರು ಜನ ತಮ್ಮ ಮಾತಲ್ಲಿ ನಾಲ್ಕು ಸಾಲು ಬರೆಯುವುದು ಮೇಲು. ಯಾರು, ಎಲ್ಲಿ, ಯಾವ ಹೊತ್ತಿಗೆ, ಏನು ತೊಂದರೆ, ಅಷ್ಟು ಸಾಕು. ನಮ್ಮ ಅಡುಗೆಮನೆ ಟೇಬಲ್ ಮೇಲೆ ವಾರಗಟ್ಟಲೆ ಈ ಕೆಲಸ ನಡೆಯಿತು. ಆಂಟೀಜಿ ಹಿಂದಿ, ಪಂಜಾಬಿ ಬೆರೆಸಿ ಹೇಳುತ್ತಿದ್ದರು, ನಾನು ಇಂಗ್ಲಿಷಿಗೆ ಇಳಿಸುತ್ತಿದ್ದೆ. ಅವರ ಗೆಳತಿಯರೂ ಬಂದರು. ಒಬ್ಬರು ರಾತ್ರಿ ಪಾಳಿಯ ಕ್ಲೀನರ್. ಬೆಳಿಗ್ಗೆ ಮಲಗುವವರು. ಅವರಿಗೆ ರಾತ್ರಿ ನಿಷೇಧದಿಂದ ಏನೂ ಪ್ರಯೋಜನ ಇಲ್ಲ, ಬೇಕಾದ್ದು ಮೂರು ಗಂಟೆವರೆಗಿನ ಬಿಡುವು. ಮೂರು ರನ್‌ವೇ ಆದರೆ ಸರದಿಯ ಬಿಡುವು ಈಗಿನಷ್ಟು ಉದ್ದ ಇರಲ್ಲ ಅಂತ ನಕ್ಷೆ ತೋರಿಸಿ ಹೇಳಿದಾಗ ಆಕೆ ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬರೆದರು. ವಾರಾಂತ್ಯದ ಕನ್ನಡ ತರಗತಿಯ ಒಬ್ಬ ತಂದೆ, ಟೀಚರ್ ಒತ್ತಕ್ಷರ ಹೇಳಿಕೊಡುತ್ತಾ ಒಂದೂವರೆ ನಿಮಿಷಕ್ಕೊಂದು ಸಲ ನಿಲ್ಲಿಸಬೇಕಾಗುತ್ತದೆ ಅಂತ ಬರೆದರು.

ಯಾವ ವಿಮಾನ ಎಷ್ಟು ಎತ್ತರದಲ್ಲಿ ಹೋಯಿತು ಅನ್ನೋದಕ್ಕೆ ವೆಬ್‌ಟ್ರ್ಯಾಕ್ ಅನ್ನುವ ತಾಣವಿದೆ. ಯಾರು ಬೇಕಾದರೂ ನೋಡಬಹುದು. ಆಂಟೀಜಿಯ ನೋಟ್‌ಬುಕ್ ಪಕ್ಕದಲ್ಲಿಟ್ಟು ಹೋಲಿಸಿದೆ. ಅವರ ಸಮಯ ಒಂದೆರಡು ನಿಮಿಷದ ಒಳಗೇ ತಾಳೆಯಾಗುತ್ತಿತ್ತು. ಆ ನೋಟ್‌ಬುಕ್ಕಿನ ಎರಡು ಪುಟ ಫೋಟೋ ತೆಗೆದು ಉತ್ತರಕ್ಕೆ ಲಗತ್ತಿಸಿದೆವು. ಗುರುಮುಖಿಗೆ ಅನುವಾದ ಬೇಕಾ ಅಂತ ಕೇಳಿದೆ. "ಸಮಯ ಓದೋಕೆ ಬರುತ್ತಲ್ವಾ, ಸಾಕು" ಅಂದರು.

2020ರ ಫೆಬ್ರವರಿ 27. ಮೇಲ್ಮನವಿ ನ್ಯಾಯಾಲಯ ಸರ್ಕಾರದ ನೀತಿ ಕಾನೂನುಬಾಹಿರ ಅಂದಿತು. ಹಿಲಿಂಗ್‌ಡನ್, ವಾಂಡ್ಸ್‌ವರ್ತ್, ರಿಚ್ಮಂಡ್, ವಿಂಡ್ಸರ್ ಮತ್ತು ಮೇಡನ್‌ಹೆಡ್, ಹ್ಯಾಮರ್‌ಸ್ಮಿತ್ ಕೌನ್ಸಿಲ್‌ಗಳು, ಲಂಡನ್ ಮೇಯರ್, ಪರಿಸರ ಸಂಘಟನೆಗಳು ಎಲ್ಲ ಸೇರಿ ನಡೆಸಿದ ಮೊಕದ್ದಮೆಗಳು. ತೀರ್ಪು ನಿಂತದ್ದು ಮಾತ್ರ ಪ್ಯಾರಿಸ್ ಹವಾಮಾನ ಒಪ್ಪಂದದ ಮೇಲೆ. ನಮ್ಮ ನಿದ್ದೆ, ನಮ್ಮ ನೋಟ್‌ಬುಕ್ಕು ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆದರೂ ಸಿಹಿ ಹಂಚಿದೆವು. ಡಿಸೆಂಬರ್ 16ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಪಕ್ಕಕ್ಕೆ ಸರಿಸಿತು.

ಅಷ್ಟರಲ್ಲಿ ಕೋವಿಡ್. ಏಪ್ರಿಲ್‌ನಿಂದ ಹೀಥ್ರೂನಲ್ಲಿ ಒಂದೇ ರನ್‌ವೇ ನಡೆಯುತ್ತಿತ್ತು. ಬಂದದ್ದು ನಾವು ಪತ್ರಗಳಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಮೌನ. ಆದರೆ ಬೀದಿಯಲ್ಲಿ ಯಾರಿಗೂ ಖುಷಿ ಇರಲಿಲ್ಲ. ಮನೆಮನೆಯಲ್ಲೂ ಫರ್ಲೋ, ಅಂದರೆ ಕೆಲಸವಿಲ್ಲದೆ ಮನೆಯಲ್ಲಿ ಕೂರುವ ರಜೆ. ಅಂಕಲ್ ದಿನಾ ಗೇಟಿನ ಹತ್ತಿರ ನಿಂತು ಖಾಲಿ ಆಕಾಶ ನೋಡೋರು. ಉದ್ಯೋಗದ ಮಾತನ್ನು ಪತ್ರದಿಂದ ಹೊರಗಿಡಬಾರದು ಅಂತ ನನಗೆ ಗಟ್ಟಿಯಾದದ್ದು ಆ ತಿಂಗಳುಗಳಲ್ಲಿ. ರಿಚ್ಮಂಡ್‌ನವರಿಗೂ ಆಗ ಅರ್ಥವಾಯಿತು ಅನ್ನಿಸುತ್ತದೆ. ಹೌನ್ಸ್ಲೋದ ಕುಟುಂಬಗಳಿಗೆ ದಿನಸಿ ತುಂಬಿದ ಎರಡು ಕಾರು ಅವರ ಕಡೆಯಿಂದಲೇ ಬಂತು.

ಆಮೇಲೆ ಕೆಲವು ವರ್ಷ ಗುಂಪು ನಿದ್ದೆಯಲ್ಲಿತ್ತು. 2025ರ ಜನವರಿ 29ಕ್ಕೆ ಹಣಕಾಸು ಸಚಿವೆ ರೇಚಲ್ ರೀವ್ಸ್ ಮೂರನೇ ರನ್‌ವೇಗೆ ಸರ್ಕಾರದ ಬೆಂಬಲ ಇದೆ ಅಂದರು, ಅವತ್ತು ಸಂಜೆಗೆ ವಾಟ್ಸಾಪ್ ಎದ್ದು ಕೂತಿತು. ಆ ಬೇಸಿಗೆಯಲ್ಲಿ ಹೊಸ ಪ್ರಸ್ತಾವ ಬಂತು: 3,500 ಮೀಟರ್ ರನ್‌ವೇ, ಎಂ25 ಹೆದ್ದಾರಿಯ ಮೇಲಿಂದ. ರನ್‌ವೇ ಮತ್ತು ಅದಕ್ಕೆ ಸೇರಿದ ಕೆಲಸಕ್ಕೆ 21 ಬಿಲಿಯನ್ ಪೌಂಡ್, ಟರ್ಮಿನಲ್‌ಗಳನ್ನೆಲ್ಲ ಸೇರಿಸಿದರೆ 49 ಬಿಲಿಯನ್. ಹಾರಾಟಗಳು ವರ್ಷಕ್ಕೆ 7 ಲಕ್ಷ 56 ಸಾವಿರದವರೆಗೆ. ನವೆಂಬರ್‌ನಲ್ಲಿ ಸರ್ಕಾರ ತನ್ನ ನೀತಿ ಪರಿಷ್ಕರಣೆಗೆ ಇದೇ ಯೋಜನೆಯನ್ನು ಆಧಾರವಾಗಿ ಆರಿಸಿಕೊಂಡಿತು. ಅಂದರೆ ಮತ್ತೆ ಕರಡು, ಮತ್ತೆ ನಕ್ಷೆ, ಮತ್ತೆ ಪೋಸ್ಟ್‌ಕೋಡ್.

ಈ ಸಲದ ಜಂಟಿ ಕರಡನ್ನು ಡ್ಯಾಚೆಟ್ ಕಡೆಯವರು ಬರೆಯುತ್ತಿದ್ದಾರೆ. ಕ್ರ್ಯಾನ್‌ಫರ್ಡ್ ಬಗ್ಗೆ ಒಂದು ಸಾಲು ಸೇರಿಸಲೇ ಅಂತ ಮೊದಲೇ ಫೋನ್ ಮಾಡಿ ಕೇಳಿದರು. ಬೇಡ ಅಂದೆ, ನಿಟ್ಟುಸಿರು ಬಿಟ್ಟು ಒಪ್ಪಿದರು. ಅಂಕಲ್ ಈಗ ನಿವೃತ್ತರು. ಹೊತ್ತು ಹೋಗಲ್ಲ ಅಂತ ಸಭೆಗಳಿಗೆ ಬರುತ್ತಾರೆ. ಬಂದು ಮೂರನೇ ರನ್‌ವೇ ಬೇಕು ಅಂತಲೇ ಮಾತಾಡುತ್ತಾರೆ, ಅದೂ ಎಲ್ಲರಿಗಿಂತ ಗಟ್ಟಿಯಾಗಿ. ಚಿಸ್ವಿಕ್‌ನ ಹೊಸಬರೊಬ್ಬರು, ಇವರು ಇಲ್ಲಿ ಯಾಕಿದ್ದಾರೆ ಅಂತ ನನ್ನ ಕಿವಿಯಲ್ಲಿ ಕೇಳಿದರು. ಉದ್ಯೋಗದ ಪ್ಯಾರಾ ತಿದ್ದುವವರು ಅವರೇ ಅಂದೆ. ನಿಜವೇ. ಕಳೆದ ವಾರ ನಾನು ಕೊಟ್ಟ ಪ್ಯಾರಾದಲ್ಲಿ ಅರ್ಧ ಹೊಡೆದುಹಾಕಿ, ರಾತ್ರಿ ಪಾಳಿಯವರ ಭತ್ಯೆಯ ಬಗ್ಗೆ ಎರಡು ಸಾಲು ಸೇರಿಸಿ ವಾಪಸ್ ಕಳಿಸಿದ್ದಾರೆ.